ಕಿರುಬೆರಳಿನ ಉಗುರು

ಅಮ್ಮಾ,

ನೀನು ತಂದು ಬಿಟ್ಟಿದ್ದ ಕೋಳಿಮರಿಗಳೆಲ್ಲ ಬಲಿತವು. ಇವತ್ತು ಮೂವತ್ತನ್ನೂ ಕೊಯ್ದೆವು. ವೆಲಿಮಿರ್ ಮಾವ ಚಾಕು ಹಿಡಿದ, ರಾಡೊಯ್ಕಾ ಅತ್ತೆ ಬಿಸಿನೀರಿಗೆ ಅದ್ದಿ ಪುಕ್ಕ ಕಿತ್ತಳು. ಹೊಟ್ಟೆ ಬಗೆದು ಪಿತ್ತದ ಚೀಲ ತೆಗೆಯುವ ನಿನ್ನ ಕೆಲಸ ನನ್ನ ಪಾಲಿಗೆ ಬಂತು. ಮೂರನೆಯ ಕೋಳಿಯಲ್ಲೇ ಪಿತ್ತ ಒಡೆದು ಮಾಂಸವೆಲ್ಲ ಹಸಿರಾಯಿತು.

"ಅಯ್ಯೋ, ಕಹಿ ಮಾಡ್ಬಿಟ್ಯಲ್ಲೇ! ನಿಮ್ಮಮ್ಮ ಕಿರುಬೆರಳಿನ ಉಗುರಲ್ಲಿ ಹೂವು ಬಿಡಿಸಿದ ಹಾಗೆ ತೆಗೀತಿದ್ಲು. ಅದಕ್ಕೇ ಅಂತ ಆ ಉಗುರು ಬೆಳೆಸಿದ್ಲು," ಅಂದಳು ಅತ್ತೆ.

"ಒಂದು ಲೋಟ ಪ್ಲಮ್ ಹಣ್ಣಿನ ಸಾರಾಯಿ ಕೊಡು, ಆ ಕಹಿ ಕೋಳೀನ ನಾನೇ ತಿಂತೀನಿ," ಎಂದು ಮಾವ ನಕ್ಕ.

ನನಗೆ ನಗು ಬರಲಿಲ್ಲ. ನಿನ್ನ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ ನಾನು ನಿನ್ನ ಉಗುರು ಕತ್ತರಿಸುವಾಗ ನೀನು, "ಇದೊಂದನ್ನ ಬಿಡೇ, ಕೋಳಿ ಕೆಲಸಕ್ಕೆ ಬೇಕು," ಅಂದಿದ್ದೆ.

"ಇನ್ನೆಲ್ಲಿ ಕೋಳಿ, ಸುಮ್ನಿರಮ್ಮ," ಎಂದು ಅದನ್ನೂ ಕತ್ತರಿಸಿಬಿಟ್ಟೆ.

ನೀನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡೆ.