ಅಜ್ಜಿಯ ಹೆಜ್ಜೆ, ನನ್ನ ಕೈ

ಏಪ್ರಿಲ್ 8, ಮಂಗಳವಾರ. ಬೆಳಿಗ್ಗೆ 5.40

'ರಸ್ತೆ ಕೆಟ್ಟಿತ್ತು' ಎಂದಷ್ಟೇ ಬರೆದು ನೋಟ್‌ಬುಕ್ ಮುಚ್ಚುವವಳಿದ್ದೆ. ಉಳಿದದ್ದು ಇದು: ಹಾಜಿಮಲಂಗ ಚಾಚಾ ಹಿಂದಿನಿಂದ ಎರಡು ಸಲ "ಸಾವಕಾಶ, ಮೇಡಂ" ಎಂದದ್ದು ಕೇಳಿಸಿತ್ತು. ಕೇಳಿಸಿಯೂ ಡ್ರಮ್ ಇನ್ನೂ ವೇಗವಾಗಿ ಹೊಡೆದೆ.

ರವಿವಾರ ಅಂಕಲಿಯಲ್ಲಿ ಮದುವೆ ಮೆರವಣಿಗೆ. ಚಾಚಾರ ಬ್ಯಾಂಡ್ ಕಂಪನಿಯಲ್ಲಿ ಮೊದಲ ಸಲ ಸೈಡ್ ಡ್ರಮ್ ಕಟ್ಟಿಕೊಂಡಿದ್ದೆ. ನಲವತ್ತಾರನೇ ವಯಸ್ಸಿಗೆ. ಇಂಗ್ಲಿಷ್ ಟೀಚರ್ ಡ್ರಮ್ ಬಾರಿಸುತ್ತಾಳೆಂದು ಎಲ್ಲರ ಮೊಬೈಲ್ ಮೇಲೆದ್ದವು. ಕೈ ಓಡಿತು, ಅದರ ಜೊತೆ ಮೆರವಣಿಗೆಯೂ. ನಮ್ಮ ಹಿಂದೆ ಬರುತ್ತಿದ್ದ ಮದುಮಗನ ಅಜ್ಜಿ, ಅಕ್ಕುತಾಯಿ, ಸರಿಗಟ್ಟಲು ಹೋಗಿ ಬಿದ್ದರು. ಮಣಿಕಟ್ಟು ಮುರಿದಿದೆ.

ಇವತ್ತೂ ಅಭ್ಯಾಸದ ರಬ್ಬರ್ ಪ್ಯಾಡ್ ಮೇಲೆ ಇಪ್ಪತ್ತು ನಿಮಿಷ. ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಎಡಗೈ ಇನ್ನೂ ಸೋಮಾರಿ. ಒಳಗಿನಿಂದ ಗಂಡ ಬಾಳೇಶ: "ಡಬ್ಬ್ಯಾಗಿನ ಚಮಚಾನೂ ಕುಣಿಯಾಕತ್ತಾವ. ಆ ಮದುವಿ ಇನ್ನೂ ಮುಗೀಲಿಲ್ಲೇನ ನಿಂದು?"

ನಗು ಬರಲಿಲ್ಲ.

ಏಪ್ರಿಲ್ 9, ಬುಧವಾರ

ಆರು ತಿಂಗಳ ಹಿಂದೆ ಚಾಚಾ ಮೊದಲ ದಿನ ಕಲಿಸಿದ್ದು ಕೈಯಲ್ಲ, ನಡಿಗೆ. ನಿಪ್ಪಾಣಿಯ ತಮ್ಮ ಅಂಗಡಿ ಮುಂದೆ ನಿಲ್ಲಿಸಿ, "ಮೆರವಣಗ್ಯಾಗ ಎಲ್ಲಾರಕಿಂತ ಸಾವಕಾಶ ಯಾರು ನಡೀತಾರ, ಮೊದಲ ಅವರನ್ನ ಹುಡುಕ್ರಿ. ಅವರ ಕಾಲ ನೆಲಕ್ಕ ಬಿದ್ದಾಗ ನಿಮ್ಮ ಸ್ಟಿಕ್ ಬೀಳಬೇಕು" ಎಂದಿದ್ದರು.

ಅಂಕಲಿಯಲ್ಲೂ ಹುಡುಕಿದ್ದೆ. ಅಕ್ಕುತಾಯಿ: ಹಸಿರು ಇಳಕಲ್ ಸೀರೆ, ಎಡಗಾಲು ತುಸು ಎಳೆಯುವ ನಡಿಗೆ. ಆಗಾಗ ತಿರುಗಿ ನೋಡುತ್ತ ಮೊದಲ ಹತ್ತು ನಿಮಿಷ ಆ ಕಾಲಿಗೇ ಹೊಡೆದೆ. ಆಮೇಲೆ ಮೊಬೈಲುಗಳಿಗೆ.

ಏಪ್ರಿಲ್ 13, ರವಿವಾರ. ಮಧ್ಯಾಹ್ನ

ಮೂರು ದಿನ ಪ್ಯಾಡ್ ಮುಟ್ಟಿಲ್ಲ. ಬೆರಳು ಮಾತ್ರ ನಿಲ್ಲುತ್ತಿಲ್ಲ — ಬಸ್ಸಿನ ಸರಳು, ಹಾಜರಿ ಪುಸ್ತಕ, ಎಲ್ಲದರ ಮೇಲೂ.

ಚಾಚಾರ ಅಂಗಡಿಗೆ ಹೋದೆ. ಢೋಲು ಬಾರಿಸುವ ಅಸ್ಫಾಕ ಇರಲಿಲ್ಲ. ಅಕ್ಕುತಾಯಿಯ ಮಗ ರಾವಸಾಹೇಬ ಫೋನ್ ಮಾಡಿದ್ದರಂತೆ. 27ಕ್ಕೆ ಅದೇ ಮನೆತನದಲ್ಲಿ ಇನ್ನೊಂದು ಮದುವೆ. ಬ್ಯಾಂಡ್ ಬರಲಿ, ಆ ಢೋಲಿನವ ಬೇಡ. ಕುಡಿದು ಮೆರವಣಿಗೆ ಓಡಿಸಿದ ಅಂದರಂತೆ. ಆ ಮಾತು ಹಬ್ಬಿ ಇನ್ನೆರಡು ಮನೆಯವರೂ ಅವನು ಬೇಡ ಅಂದಿದ್ದಾರೆ. ಅಸ್ಫಾಕ ಚಹಾ ಬಿಟ್ಟು ಬೇರೇನೂ ಕುಡಿಯದವ.

"ಓಡಿಸಿದ್ದು ನಾನು ಅಂತ ಹೇಳಲಿಲ್ಲೇನ್ರಿ, ಚಾಚಾ?"

"ಮೊದಲನೇ ಸಲ ಬಂದ ಹೆಣ್ಣಮಗಳ ಹೆಸರ ಹೆಂಗ ಹೇಳ್ಲಿ? ಅಸ್ಫಾಕ ತಾನ ಹೇಳಬ್ಯಾಡ್ರಿ ಅಂದ. ಹೇಳಿದ್ರ ಮೇಡಂ ಮತ್ತ ಸ್ಟಿಕ್ ಹಿಡಿಯಂಗಿಲ್ಲ ಅಂದ."

ಅದೇ ದಿನ, ಸಂಜೆ

ಯಾರೋ ಕಳಿಸಿದ ಮೆರವಣಿಗೆಯ ವಿಡಿಯೊ ಹಚ್ಚಿ, ತಾಳದ ವೇಗ ಅಳೆಯುವ ಮೆಟ್ರೊನೋಮ್ ಆ್ಯಪ್ ಹಿಡಿದು ಎಣಿಸಿದೆ. ಶುರುವಿಗೆ ನಿಮಿಷಕ್ಕೆ 84 ಪೆಟ್ಟು. ಡೇರಿ ಮುಂದೆ 97. ಅಕ್ಕುತಾಯಿ ಬೀಳುವ ಹೊತ್ತಿಗೆ 121. ನಾನು ನಗುತ್ತಿದ್ದೇನೆ. ಮೂಲೆಯಲ್ಲಿ ಅಸ್ಫಾಕ — ಕಣ್ಣು ನನ್ನ ಕೈ ಮೇಲೆ, ತಾಳವನ್ನು ಹಿಂದಕ್ಕೆ ಎಳೆಯಲು ನೋಡುತ್ತಿದ್ದಾನೆ.

ಏಪ್ರಿಲ್ 19, ಶನಿವಾರ

ರಾವಸಾಹೇಬರಿಗೆ ಪತ್ರ. ಮೊದಲು ಇಂಗ್ಲಿಷಿನಲ್ಲೇ ಬಂತು, ರಜೆ ಅರ್ಜಿಯ ಹಾಗೆ ನುಣುಪಾಗಿ. ಹರಿದೆ. ಕನ್ನಡದಲ್ಲಿ: 'ವೇಗ ಹೆಚ್ಚಾಯಿತು.' ತಾನಾಗಿಯೇ ಹೆಚ್ಚಾಯಿತೇ? ಗೀಟು ಹಾಕಿದೆ. 'ನಾನು ಹೆಚ್ಚಿಸಿದೆ. ಸಾವಕಾಶ ಅಂದದ್ದು ನನಗೆ ಕೇಳಿಸಿತ್ತು.' ಇಷ್ಟಕ್ಕೆ ಒಂದೂವರೆ ತಾಸು.

ಅಸ್ಫಾಕನ ಮನೆಗೆ ಒಯ್ದು ಓದಿದೆ. ಅವನ ಹೆಂಡತಿ ಜನ್ನತಬಿ ಬಾಗಿಲಲ್ಲೇ ನಿಂತು ಕೇಳಿದಳು.

"ನಮ್ಮ ಮುಂದ ಯಾಕ ಓದ್ತೀರಿ? ಅಂಕಲ್ಯಾಗ ಓದ್ರಿ."

"ಸುಮ್ಮನಿರ ಬೇ," ಅಂದ ಅಸ್ಫಾಕ. ನನಗೆ: "ನೀವ ಓಡಿದ್ರಿ, ನಾನೂ ಬೆನ್ನ ಹತ್ತಿದೆ. ಡ್ರಮ್ ಬಿಟ್ಟು ಢೋಲ ಒಂದ ಎಲ್ಲಿ ನಿಲ್ತೈತ್ರಿ?"

ಅಂಕಲಿಗೆ ಬಸ್ಸಿದೆ. ಆದರೆ ಎದುರು ನಿಂತರೆ ನನ್ನ ಮಾತು ಓಡುತ್ತದೆ, ವಿವರಣೆ ಕೊಡುತ್ತದೆ. ಕಾಗದದ ಮೇಲಿನದು ಓಡುವುದಿಲ್ಲ. ಇದು ಕಾರಣವೋ, ನೆಪವೋ…

ಏಪ್ರಿಲ್ 20, ರವಿವಾರ. ಬೆಳಿಗ್ಗೆ 6

ಪ್ಯಾಡ್ ತೆಗೆದೆ. 84. ಎಳೆಯುವ ಆ ಎಡಗಾಲು ನೆನೆದು, ಅದು ನೆಲಕ್ಕೆ ಬರುವವರೆಗೆ ಕಾದು ಹೊಡೆದೆ. ಕಾಯುವುದೇ ಕಷ್ಟ. ಹತ್ತು ನಿಮಿಷಕ್ಕೆ ಬೆವರು.

"ಏನ ಇದು, ನಿದ್ದಿಗಣ್ಣಾಗ ಬಾರಸ್ತೀ?" — ಬಾಳೇಶ.

ನಿನ್ನೆ ಪತ್ರದ ಕೊನೆಗೆ 'ಅಸ್ಫಾಕ ಬರಲಿ, ನಾನು ಬರುವುದಿಲ್ಲ' ಎಂದು ಬರೆದಿದ್ದೆ. ತ್ಯಾಗದಂತೆ ಕಾಣುತ್ತಿತ್ತು. ತಪ್ಪಿಸಿಕೊಳ್ಳುವುದು ಅಷ್ಟೇ. ಗೀಟು. 'ಅಸ್ಫಾಕ ಬರಲಿ. ನೀವು ಒಪ್ಪಿದರೆ ನಾನೂ ಬರುತ್ತೇನೆ, ಡ್ರಮ್ ಇಲ್ಲದೆ. ಅಕ್ಕುತಾಯಿಯವರ ಪಕ್ಕ ನಡೆಯುತ್ತೇನೆ.'

ಕೆಳಗೆ ಫೋನ್ ನಂಬರ್. ಲಕೋಟೆಗೆ ಅಂಟು ಹಚ್ಚಿದೆ. ಇವತ್ತು ಪೋಸ್ಟ್ ಆಫೀಸ್ ಇಲ್ಲ. ಬುಧವಾರ ಮುಟ್ಟಿದರೂ ಮದುವೆಗೆ ನಾಲ್ಕು ದಿನ ಇರುತ್ತದೆ. ಸ್ಪೀಡ್ ಪೋಸ್ಟ್. ಓಡುವುದಿದ್ದರೆ ಇದೊಂದು ಓಡಲಿ.

ನಾಳೆ, ಏಪ್ರಿಲ್ 21, ಸೋಮವಾರ, ಪೋಸ್ಟ್ ಆಫೀಸಿನ ಬಾಗಿಲು ತೆರೆದ ಕೂಡಲೇ ಕಳಿಸುತ್ತೇನೆ.