ಹಿಮದಡಿಯ ಕಬ್ಬಿಣ

ಜರೇಚ್ಯೆ, ವೋಲ್ಗಾ ದಂಡೆ
೧೪ ಜನವರಿ ೧೯೩೮, ಬೆಳಿಗ್ಗೆ

ಮುದ್ದಿನ ಸೊಸೆ ತಾಸ್ಯಾ,

ಮೊದಲು ನಿನ್ನ ಅಮ್ಮನ ಕಾಲು ಹೇಗಿದೆ ಹೇಳು. ಊತ ಇಳಿಯಿತೇ? ಎಲೆಕೋಸಿನ ಎಲೆ ಕಟ್ಟು ಅಂದಿದ್ದೆ, ಕಟ್ಟಿದೆಯೋ ಇಲ್ಲವೋ. ಮುದುಕಿಯ ಮಾತು ನಿನಗೆ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತದೆ. ನನ್ನ ಕೀರಾಳ ಕೆಮ್ಮು ನಿಂತಿತೇ? ಸಾರಾತೊವ್‌ನಲ್ಲಿ ಗಾಳಿ ಜಾಸ್ತಿ, ಟೋಪಿಯ ದಾರವನ್ನು ಗದ್ದದ ಕೆಳಗೆ ಗಂಟು ಹಾಕು. ಟೋಪಿ ಕಿತ್ತೆಸೆಯುವುದರಲ್ಲಿ ಅವಳು ಅಪ್ಪ ಅರ್ಕಾಶಾನ ಪಡಿಯಚ್ಚು. ಇಲ್ಲಿ ಇವತ್ತು ಚರ್ಚಿನ ಹಳೆಯ ಪಂಚಾಂಗದ ಹೊಸ ವರ್ಷ. ಬಾಯಿಬಿಟ್ಟು ಹೇಳಿಕೊಳ್ಳುವ ಕಾಲ ಅಲ್ಲ, ಆದರೂ ಅಣಬೆ ತುಂಬಿದ ರೊಟ್ಟಿಯೊಂದನ್ನು ಬೇಯಿಸಿದ್ದೇನೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ರೈಲಿನಲ್ಲಿ ಚಹಾ ಕೊಡುವ ಕೆಲಸದಲ್ಲಿರುವ ನನ್ನ ತಂಗಿ ಪೆಲಗೇಯಾ ಮಧ್ಯಾಹ್ನ ಬಂದು ಒಯ್ದು ನಿನ್ನ ಕೈಗೇ ಕೊಡುತ್ತಾಳೆ. ಅದಕ್ಕೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ಓದಿದವಳೇ ಒಲೆಗೆ ಹಾಕು. ನನಗೆ ಹೆದರಿಕೆಯಾಗಿದೆ ತಾಸ್ಯಾ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೈಯಲ್ಲಿರುವ ಪಾತ್ರೆ ಜಾರುತ್ತದೆ. ಅರ್ಕಾಶಾ ಮನೆಯಲ್ಲೇ ಇದ್ದಾನೆ. ಕಾರ್ಖಾನೆಯ ಗೇಟಿನಲ್ಲಿ ಅವನ ಪಾಸು ಕಿತ್ತುಕೊಂಡರು, "ಕರೆದಾಗ ಬನ್ನಿ" ಅಂದರಂತೆ. ನನ್ನ ಬೆನ್ನ ಹಿಂದೆ ಕೂತು, ಪಕ್ಕದ ಕೋಣೆಯ ಕ್ಲಾವ್ದಿಯಾಳ ಕೆಟ್ಟ ಸೀಮೆಎಣ್ಣೆ ಸ್ಟೌವನ್ನು ಬಿಚ್ಚಿ ಹರಡಿಕೊಂಡಿದ್ದಾನೆ. "ಎಲ್ಲಾ ಚೆನ್ನಾಗಿದೆ ಅಂತ ಬರಿಯಮ್ಮಾ. ಅತ್ತೆ ಕಾಲು ವಾಸಿಯಾದ ಕೂಡಲೇ ಮಗೂನ ಕರ್ಕೊಂಡು ಬರೋಕೆ ಹೇಳು" ಅಂತ ಈಗ ತಾನೇ ಹೇಳಿದ. ಹೇಳಿದ್ದನ್ನು ಬರೆದಿದ್ದೇನೆ. ಬಾ ಅನ್ನಲೋ ಬೇಡ ಅನ್ನಲೋ ನನಗೆ ತಿಳಿಯುತ್ತಿಲ್ಲ.

ಅವನ ಸ್ವಭಾವ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳಿಕೊಂಡರೆ ಎದೆ ಹಗುರವಾಗುತ್ತದೆ. ನಮ್ಮ ಯಜಮಾನರು ಬಾಡಿಗೆ ಕುದುರೆಗಾಡಿ ಹೊಡೆದು ಸಾಕಿದ ಮಗ ಕುದುರೆಗಳ ಹೊಟ್ಟೆಯ ಮೇಲೇ ಹೊಡೆದ. ದೇಶದಲ್ಲಿ ಮೋಟಾರು ಕಾರ್ಖಾನೆ ಅನ್ನುವುದೇ ಇಲ್ಲದಿದ್ದ ಕಾಲದಲ್ಲಿ, ಯುದ್ಧದಲ್ಲಿ ಕೆಟ್ಟು ಬಿದ್ದ ಪರದೇಶದ ಕಾರುಗಳಿಗೆ ಸ್ನಾನದ ತೊಟ್ಟಿಯ ತಗಡು, ಕುದುರೆಯ ಜೀನಿನ ತೊಗಲು ಕೊಯ್ದು ಹಾಕಿ ಓಡಿಸಿದವನು. ಸರ್ಕಾರವೇ ಅವನನ್ನು ಎರಡು ವರ್ಷ ಅಮೆರಿಕಕ್ಕೆ ಕಲಿಯಲು ಕಳಿಸಿತು. ನನಗೊಂದು ಶಾಲು ತಾರೋ ಅಂದರೆ ಬೈರಿಗೆಯ ಮೊನೆಗಳ ಪೆಟ್ಟಿಗೆ ತಂದ. ನಮ್ಮದೇ ಮೊದಲ ಲಾರಿ ಗೇಟು ದಾಟಿದ ದಿನ ಇಂಜಿನ್ನಿಗೆ ಕಿವಿಗೊಟ್ಟುಕೊಂಡು ಅದರ ಪಕ್ಕದಲ್ಲೇ ಓಡಿದ್ದನಲ್ಲ, ನೀನು ಬಿದ್ದು ಬಿದ್ದು ನಕ್ಕಿದ್ದೆ. ಅಂಥವನು ದೇಶಕ್ಕೆ ಎರಡು ಬಗೆದನಂತೆ.

ಆಗಿದ್ದು ಇಷ್ಟು. ಎರಕ ಹೊಯ್ದ ಇಂಜಿನ್ನಿನ ಮೈಯನ್ನು ಕೂಡಲೇ ಕೊರೆಯಬಾರದು, ಒಂದು ಚಳಿಗಾಲ ಅಂಗಳದ ಹಿಮದಲ್ಲಿ ಮಲಗಿಸಬೇಕು ಅನ್ನುವುದು ಅವನ ನಿಯಮ. "ಕುದ್ದು ಬಂದ ಕಬ್ಬಿಣ ಅಮ್ಮಾ, ಸಿಟ್ಟು ಇಳೀಬೇಕು. ಅವಸರ ಮಾಡಿದ್ರೆ ಮುಂದೆ ಯಾವಾಗಲೋ ಬಿರೀತದೆ" ಅನ್ನುತ್ತಿದ್ದ. ಉತ್ಪಾದನೆಯ ಮುಖ್ಯಸ್ಥ ಕೊರ್ಜುನ್ ನವೆಂಬರಿನ ಕ್ರಾಂತಿಯ ಹಬ್ಬಕ್ಕೆ ಲಾರಿಗಳ ಲೆಕ್ಕ ತುಂಬಿಸಲು, ಇವನು ಬೇಡ ಬೇಡ ಅಂದರೂ ಕೇಳದೆ, ಅಂಗಳದಲ್ಲಿದ್ದ ಹಸಿ ಎರಕವನ್ನೆಲ್ಲ ಎತ್ತಿಸಿ ಲಾರಿಗಳಿಗೆ ಹಾಕಿಸಿದ. ಹಬ್ಬಕ್ಕೆ ಬಾಜಾಬಜಂತ್ರಿ ಆಯಿತು. ಡಿಸೆಂಬರ್‌ನಲ್ಲಿ ಲಾರಿಗಳು ದಾರಿಯಲ್ಲೇ ಬಿರುಕು ಬಿಟ್ಟು ನಿಂತವು. ಈಗ ಒಬ್ಬ ಅಪರಾಧಿ ಬೇಕಲ್ಲ? ಎರಕ ತಡಮಾಡಿದ್ದೂ ಅರ್ಕಾಶಾನೇ, ಲಾರಿ ಒಡೆಸಿದ್ದೂ ಅರ್ಕಾಶಾನೇ ಎಂದಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಮೊನ್ನೆ ಕಾರ್ಖಾನೆಯಲ್ಲಿ ಸಭೆ ಕರೆದರು. ಆ ಸಭೆಯ ಪದ್ಧತಿ ನಿನಗೆ ಗೊತ್ತು, ಎದ್ದು ನಿಂತು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳಬೇಕು. ಬುದ್ಧಿ ಇದ್ದವರು ಒಂದು ಸಣ್ಣ ತಪ್ಪನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ: ರಾಜಕೀಯ ಪಾಠಕ್ಕೆ ಚಕ್ಕರ್ ಹೊಡೆದೆ, ಕೈಕೆಳಗಿನವರ ಮೇಲೆ ಕಣ್ಣಿಡಲಿಲ್ಲ ಅಂತ. ತಲೆ ತಗ್ಗಿಸಿ ಬೈಸಿಕೊಂಡು ಮನೆಗೆ ಬರುತ್ತಾರೆ. ನಾನೂ ಶರ್ಟಿನ ಗುಂಡಿ ಹಾಕುತ್ತಾ, "ಒಂದು ಚಿಕ್ಕದು ಒಪ್ಕೊಂಡು ಕೂತ್ಬಿಡೋ, ನಿನ್ನ ದಮ್ಮಯ್ಯ" ಅಂದಿದ್ದೆ. ಹೂಂ ಅಂದಿದ್ದ. ಅಲ್ಲಿ ನಡೆದದ್ದನ್ನು ಕಾರ್ಖಾನೆಯ ಊಟದ ಮನೆಯಲ್ಲಿ ಕೆಲಸ ಮಾಡುವ ಕ್ಲಾವ್ದಿಯಾ ಬಂದು ಹೇಳಿದಳು. ಕೊರ್ಜುನ್ ಎದ್ದು, "ಹೊಲದಲ್ಲಿ ಜನ ಲಾರಿ ಲಾರಿ ಅಂತ ಬಾಯಿ ಬಡ್ಕೊಳ್ತಿದ್ದಾರೆ, ನಮ್ಮ ಸಾಹೇಬರು ಕಬ್ಬಿಣಕ್ಕೆ ಜೋಗುಳ ಹಾಡ್ತಾ ಕೂತಿದ್ದಾರೆ!" ಅಂದನಂತೆ. ಸಭೆಯೆಲ್ಲ ನಕ್ಕಿತು. ಅಷ್ಟೇ ಸಾಕಾಯಿತು ನಿನ್ನ ಗಂಡನಿಗೆ. ತಪ್ಪು ಒಪ್ಪಿಕೊಳ್ಳುವುದು ಬಿಟ್ಟು ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಕಬ್ಬಿಣದ ಪಾಠ ಶುರುಮಾಡಿದ. ಪಾಠವಾದರೂ ಆಗಲಿ. ಕೊನೆಗೆ, "ಅಮೆರಿಕದಲ್ಲೂ ಹೀಗೇ ಮಲಗಿಸ್ತಾರೆ, ನಾನೇ ಕಣ್ಣಾರೆ ನೋಡಿದ್ದೀನಿ" ಅಂದುಬಿಟ್ಟ! ಯಾರೂ ಕೇಳಿರಲಿಲ್ಲ, ಆ ದೇಶದ ಹೆಸರನ್ನು ತಾನಾಗಿ ಎತ್ತಿಕೊಟ್ಟ. ಮಾತು ಮನೆ ಕೆಡಿಸಿತು ಅನ್ನುವುದು ಇದಕ್ಕೇ. ಮನೆಗೆ ಬಂದವನನ್ನು ಬೈದೆ. "ಲೆಕ್ಕ ಸರಿಯಾಗಿದೆ ಅಮ್ಮಾ. ಲೆಕ್ಕ ಸರಿ ಇದ್ರೆ ಯಾರೇನು ಮಾಡ್ತಾರೆ?" ಅಂದು ಸೂಪು ಕುಡಿದು ಮಲಗಿದ.

ನನಗೆ ಹೆದರಿಕೆ ಅವನೊಬ್ಬನದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎರಕದ ವಿಭಾಗದ ವಿಕೆಂತಿಯನ್ನು ಶರತ್ಕಾಲದಲ್ಲಿ ಪೊಲೀಸರು ಕರೆದೊಯ್ದದ್ದು ನಿನಗೆ ತಿಳಿದೇ ಇದೆ. ನೀನು ಹೋದ ಮೇಲೆ ಅವನ ಹೆಂಡತಿ ನೋನ್ನಾಳನ್ನೂ ಕರೆದೊಯ್ದರು. ಅವಳು ಮಾಡಿದ ಪಾಪವೆಂದರೆ ಅವನ ಹೆಂಡತಿಯಾಗಿದ್ದದ್ದು. ಅವರ ಮಗುವನ್ನು ಸರ್ಕಾರಿ ಅನಾಥಾಲಯಕ್ಕೆ ಹಾಕಿದ್ದಾರೆ. ಅಲ್ಲಿ ಅದಕ್ಕೆ ಬೇರೆ ಮನೆತನದ ಹೆಸರು ಕೊಟ್ಟಿದ್ದಾರಂತೆ, ಯಾವ ಊರೆಂದು ಸ್ವಂತ ಅಜ್ಜಿಗೂ ಹೇಳುವುದಿಲ್ಲವಂತೆ. ಆ ಅಜ್ಜಿ ರೊಟ್ಟಿಯ ಸಾಲಿನಲ್ಲಿ ನನ್ನ ಮುಂದೆ ನಿಂತಿರುತ್ತಾಳೆ, ನಾವ್ಯಾರೂ ಅವಳನ್ನು ಮಾತಾಡಿಸುವುದಿಲ್ಲ. ನಾನೂ ಮಾತಾಡಿಸುವುದಿಲ್ಲ. ಮನೆಗೆ ಬಂದು ಕೀರಾಳ ಹಾಸಿಗೆಯ ಮೇಲೆ ಕೂತು ಅಳುತ್ತೇನೆ.

ಅರ್ಕಾಶಾ ಸ್ಟೌವನ್ನು ರಿಪೇರಿ ಮಾಡಿ ಮುಗಿಸಿದ, ಉರಿ ಚೆನ್ನಾಗಿ ಬರುತ್ತಿದೆ. ನಿನಗೂ ಕೀರಾಳಿಗೂ ಮುತ್ತು ಕಳಿಸಿದ್ದಾನೆ. ನಿನ್ನ ಅಮ್ಮನಿಗೆ ನನ್ನ ನಮಸ್ಕಾರ. ದೇವರು, ಈಗಲೂ ಇದ್ದರೆ, ನಿಮ್ಮನ್ನು ತನ್ನ ಕಂಬಳಿಯೊಳಗೆ ಮುಚ್ಚಿಟ್ಟುಕೊಳ್ಳಲಿ.

ನಿನ್ನ ಅತ್ತೆ,
ಫ್ಯೋಕ್ಲಾ

ಮರೆತದ್ದಲ್ಲ, ಈಗ ಆದದ್ದು: ಪೆಲಗೇಯಾ ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತಿದ್ದಾಳೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಹೇಗೋ ಓದಿಕೋ. ಅವನನ್ನು ಕರೆದೊಯ್ದರು ತಾಸ್ಯಾ. ಹಾಡುಹಗಲು, ರೊಟ್ಟಿ ಕತ್ತರಿಸುವಾಗ. ಈ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಕೋಣೆ ಹುಡುಕುತ್ತಾ ಎಷ್ಟು ಹೊತ್ತಾಯಿತೆಂದರೆ ಹೊರಗೆ ಅವರ ಕಾರು ಚಳಿಗೆ ಸೆಟೆದು ಸ್ಟಾರ್ಟ್ ಆಗಲೇ ಇಲ್ಲ. ಬಂದವರಲ್ಲೊಬ್ಬ ಮೇಲೆ ಬಂದು, "ಅಜ್ಜೀ, ಇಂಜಿನ್ನಿಗೆ ಹೊಯ್ಯೋಕೆ ಬಿಸಿನೀರಿದ್ರೆ ಸ್ವಲ್ಪ ಕೊಡಿ" ಅಂದ, ಪಕ್ಕದ ಮನೆಯ ಹುಡುಗನ ಹಾಗೆ. ಚಹಾಕ್ಕೆ ಕುದಿಯುತ್ತಿದ್ದ ನೀರನ್ನು ಕೆಳಗೆ ಒಯ್ದೆ. ಅರ್ಕಾಶಾ ಕಾರಿನ ಬಳಿ ಉಳಿದಿಬ್ಬರ ನಡುವೆ ನಿಂತವನು, "ಕುದಿಯೋದು ಬೇಡಮ್ಮಾ, ತಣ್ಣೀರು ಬೆರೆಸಿ ಕೊಡು, ಇಲ್ಲಾಂದ್ರೆ ಇಂಜಿನ್ ಸೀಳುತ್ತೆ" ಅಂದ. ಬೆರೆಸಿ ಕೊಟ್ಟೆ. ಯಾಕೆ ಬೆರೆಸಿದೆನೋ ನನಗೇ ಗೊತ್ತಿಲ್ಲ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ಈಗ ನಾನು ಹೇಳುವುದನ್ನು ಕೇಳು, ಅಳುತ್ತಾ ಕೂರಬೇಡ. ಅವನು ಹೇಳಿದ್ದನ್ನು ಮೇಲೆ ಬರೆದಿದ್ದೇನೆ, ಅದನ್ನು ಬಿಡು. ಇಲ್ಲಿಗೆ ಬರಬೇಡ. ಕಾಗದ ಕೈ ಸೇರಿದ ದಿನವೇ ಕಚೇರಿಗೆ ಹೋಗಿ ನನ್ನ ಮಗನಿಂದ ವಿಚ್ಛೇದನ ಕೇಳಿ ಅರ್ಜಿ ಕೊಡು. ಜಗಳಗಂಟ ಅನ್ನು, ಮನೆ ನೋಡಲಿಲ್ಲ ಅನ್ನು, ಅತ್ತೆ ರಾಕ್ಷಸಿ ಅನ್ನು, ಬಾಯಿಗೆ ಬಂದದ್ದು ಅನ್ನು. ಕೀರಾಳಿಗೆ ನಿನ್ನ ತೌರಿನ ಹೆಸರು ಹಾಕಿಸು. ಇದನ್ನು ಕೇಳಲು ಅವನಿಗೆ ಬಾಯಿ ಬರುವುದಿಲ್ಲ, ಹೆತ್ತವಳು ಕೇಳುತ್ತಿದ್ದೇನೆ, ನಿನ್ನ ಕಾಲಿಗೆ ಬೀಳುತ್ತೇನೆ. ನನಗೆ ಕಾಗದ ಬರೆಯಬೇಡ. ಕೀರಾ ಕೇಳಿದರೆ ಅಜ್ಜಿ ಸತ್ತುಹೋದಳು ಅನ್ನು. ಅವಳ ಅಪ್ಪನ ವಿಷಯದಲ್ಲಿ ಮಾತ್ರ ಹಾಗೆ ಅನ್ನಬೇಡ.