ಕ್ಯಾಪ್ಟನ್ ನೀರಿಗೆ ಹಾರುವ ದೃಶ್ಯ

ಮಾರ್ಚ್ 4, ಸೋಮವಾರ

ಹದಿನಾಲ್ಕು ಶಾಟ್ ಮುಗಿಯಿತು. ಕ್ಯಾಪ್ಟನ್ ಮಂಡಿಯ ಬ್ಯಾಂಡೇಜ್ ಬೆಳಗ್ಗೆ ಎಡಗಾಲಿಗಿತ್ತು, ಊಟವಾದ ಮೇಲೆ ಬಲಗಾಲಿಗೆ ಬಂದಿತ್ತು. ಮೇಕಪ್‌ನವನಿಗೆ ಫೋಟೋ ತೋರಿಸಿದೆ. "ಎರಡು ಮಂಡೀನೂ ಒಂದೇ ಥರ ಇದಾವಲ್ಲ ಮೇಡಂ" ಅಂದ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ — ಕಂಟಿನ್ಯುಟಿ. ಬೇರೆಯವರ ಗುಂಡಿ, ಕೂದಲು, ಗಾಯ ಶಾಟ್‌ನಿಂದ ಶಾಟ್‌ಗೆ ಬದಲಾಗದ ಹಾಗೆ ಲೆಕ್ಕ ಇಡುವುದು.

ಈಗ ಸೀರಿಯಲ್ ಆಗುತ್ತಿರುವ ಈ ಕಾದಂಬರಿ ಚಿಕ್ಕಂದಿನಲ್ಲಿ ಓದಿದ್ದೆ. ಓದದವರು ಯಾರು? ನಾಲ್ಕು ಮಕ್ಕಳು, ಒಂದು ದೋಣಿ, ಸರೋವರದ ನಡುವಿನ ದ್ವೀಪ. ದೋಣಿಯ ಹುಟ್ಟು ತೇಲಿಹೋದಾಗ ನೀರಿಗೆ ಹಾರಿ, ಈಜಿ ಹಿಡಿದು ತರುವ ಹನ್ನೊಂದು ವರ್ಷದ ಗಟ್ಟಿಗಿತ್ತಿ. ಸೀರಿಯಲ್‌ನಲ್ಲಿ ಆ ಪಾತ್ರ ಮಾಡುವ ಹುಡುಗಿಯನ್ನು ಎಲ್ಲರೂ 'ಕ್ಯಾಪ್ಟನ್' ಅಂತಲೇ ಕರೆಯುವುದು. ಆಡಿಷನ್‌ನಲ್ಲಿ ಈಜು ಬರುತ್ತಾ ಅಂದರೆ, "ಮೀನಿನ ಥರ!" ಅಂದಿದ್ದಳಂತೆ. ಈಜುವ ದೃಶ್ಯ ಶುಕ್ರವಾರ.

ಮಾರ್ಚ್ 5

ಇವತ್ತು ಮೊಣಕಾಲುದ್ದ ನೀರು. ಮಕ್ಕಳು ಎರಚಾಡಿದ್ದೇ ಎರಚಾಡಿದ್ದು. ಫೋಟೋ ನೋಡುತ್ತ ಕೂತಾಗ ಹೊಳೆಯಿತು: ಆರು ಟೇಕ್‌ನಲ್ಲೂ ಕ್ಯಾಪ್ಟನ್ ಬಲಗೈ ದೋಣಿಯ ಹಗ್ಗ ಬಿಟ್ಟಿಲ್ಲ. ತಲೆಕೂದಲು ಒಂದೆಳೆಯೂ ಒದ್ದೆಯಾಗಿಲ್ಲ.

ವ್ಯಾನ್ ಹಿಂದೆ ಕರೆದು, ನಿಜವಾಗಿ ಈಜು ಬರುತ್ತಾ ಅಂತ ಕೇಳಿದೆ. ಸುತ್ತ ಯಾರಾದರೂ ಇದ್ದಾರಾ ಅಂತ ನೋಡಿದಳು. ಆಮೇಲೆ —

"ಬರಲ್ಲ ಆಂಟಿ."

"ಅಮ್ಮನಿಗೆ ಗೊತ್ತಾ?"

"ಅಪ್ಪ ಕಲಿಸಿದಾರೆ ಅಂತ ಹೇಳಿದೀನಿ." ಅಪ್ಪ ಬೇರೆ ಮನೆ ಮಾಡಿಕೊಂಡಿದ್ದಾನೆ. ಅಮ್ಮ ಅವನ ಜೊತೆ ಮಾತಾಡುವುದಿಲ್ಲ, ಕೇಳುವವರೇ ಇಲ್ಲ. "ಪ್ರತಿ ರಜೆಗೂ ಕಲಿಸ್ತೀನಿ ಅಂತಾರೆ. ಆಮೇಲೆ ಕೆಲಸ ಇದೆ ಅಂತಾರೆ."

ಯಾರಿಗೂ ಹೇಳಬೇಡಿ, ಕಲಿತುಬಿಡ್ತೀನಿ ಅಂತ ಗೋಗರೆದಳು. ಮೂರು ದಿನದಲ್ಲಿ! ಆಗ ನಗು ಬಂತು. ಹೇಳುವುದಿಲ್ಲ ಅಂದೆ. ಯಾಕೆ ಅಂದೆನೋ.

ಮಾರ್ಚ್ 7, ಬೆಳಗ್ಗೆ 7.10

ನಿನ್ನೆ, ಇವತ್ತು — ಎರಡು ದಿನ ಹೋಟೆಲ್ ಈಜುಕೊಳದಲ್ಲಿ ಅವಳಿಗೆ ನನ್ನ ಪಾಠ. 'ರಿಹರ್ಸಲ್' ಅಂತ ಅವಳಮ್ಮನಿಗೆ ನಾನೇ ಹೇಳಿದೆ. ಐದು ಎಣಿಸುವಷ್ಟು ಹೊತ್ತು ತೇಲಿದಳು. ಅಷ್ಟೆ. ಇದು ಆಗುವ ಮಾತಲ್ಲ.

"ಇವತ್ತು ಸಂಜೆಯೊಳಗೆ ಡೈರೆಕ್ಟರ್‌ಗೆ ನೀನು ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

"ನಾನೇ ಹೇಳ್ತೀನಿ. ಪ್ರಾಮಿಸ್."

ಅದೇ ದಿನ, ಮಧ್ಯಾಹ್ನ 3.20

ನಾಳೆ ಮೋಡ ಅಂತ ಸುದ್ದಿ. ಶುಕ್ರವಾರದ ದೃಶ್ಯ ಇವತ್ತಿಗೇ ತಂದರು. ನಾನು ದಡದಲ್ಲಿ ಮಾನಿಟರ್ ಮುಂದೆ. ಅವಳು ಆಗಲೇ ದೋಣಿಯಲ್ಲಿ, ಹದಿನೆಂಟು ಅಡಿ ಆಳದ ಮೇಲೆ. ಡೈರೆಕ್ಟರ್‌ಗೆ ಹೇಳಿರಬೇಕು, ಹಾರುವ ಶಾಟ್ ಇರಲಿಕ್ಕಿಲ್ಲ ಅಂದುಕೊಂಡೆ. ಕಾವಲಿಗಿದ್ದ ಈಜುಗಾರರು ಫ್ರೇಮಿಗೆ ಬೀಳಬಾರದು ಅಂತ ದೂರ ಹೋದರು. ಆಕ್ಷನ್ ಅಂದರು. ಅವಳು ದೋಣಿಯ ಅಂಚು ಹತ್ತಿದಳು.

"ಕಟ್!" ಅಂತ ಕಿರುಚಿದೆ.

ಇಡೀ ಯೂನಿಟ್ ತಿರುಗಿತು.

"ಕಟ್ ಹೇಳೋದು ಯಾರು ಇಲ್ಲಿ?" ಡೈರೆಕ್ಟರ್.

"ನೀವು ಸರ್. ಅವಳಿಗೆ ಈಜು ಬರಲ್ಲ ಸರ್."

ದೋಣಿ ದಡಕ್ಕೆ ಬರುವಷ್ಟರಲ್ಲಿ ಮಂಗಳವಾರದಿಂದ ನಡೆದದ್ದೆಲ್ಲ ಒಪ್ಪಿಕೊಂಡಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಅವಳಮ್ಮ ನೋಡಿದರು. "ಮಂಗಳವಾರದಿಂದ ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ? ನಿಮ್ಮ ಮಗಳಾಗಿದ್ರೆ?"

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮಾರ್ಚ್ 15

ಬರೆಯಲು ಮನಸ್ಸಾಗಿರಲಿಲ್ಲ. ನನ್ನನ್ನು ಸೆಟ್‌ನಿಂದ ತೆಗೆದು ಎಡಿಟಿಂಗ್‌ಗೆ ಹಾಕಿದ್ದಾರೆ. ಹುಡುಗಿಯನ್ನು ತೆಗೆದಿಲ್ಲ — ಅರ್ಧ ಸೀರಿಯಲ್ ಮುಗಿದಿದೆ, ಹೇಗೆ ತೆಗೆಯುತ್ತಾರೆ. ದೂರದ ಶಾಟ್‌ಗೆ ಈಜು ಕ್ಲಬ್ಬಿನ ಹುಡುಗಿ ಡೂಪ್. ಹತ್ತಿರದ್ದಕ್ಕೆ ಕ್ಯಾಪ್ಟನ್, ಸೊಂಟದ ನೀರಲ್ಲಿ. ಕ್ಯಾಪ್ಟನ್ ಹುಬ್ಬಿನ ಮಚ್ಚೆ ಡೂಪ್‌ಗೆ ಹಾಕಿಲ್ಲ. ಯಾರೂ ಗಮನಿಸಿಲ್ಲ.

ಮಾರ್ಚ್ 19, ಬೆಳಗ್ಗೆ 11

ಎಡಿಟರ್ ಆ ದಿನದ ಟೇಕ್ ಹಾಕಿದ. ನಿಧಾನಕ್ಕೆ ಓಡಿಸು ಅಂದೆ. ಕಣ್ಣು ಮುಚ್ಚಿದ್ದಾಳೆ. ತುಟಿ ಏನೋ ಎಣಿಸುತ್ತಿದೆ. ಒಂದು ಕಾಲು ಅಂಚು ಬಿಟ್ಟಾಗಿದೆ. ಆಗ ನನ್ನ ದನಿ.

ನಾಟಕವಲ್ಲ. ಹಾರುತ್ತಿದ್ದಳು.

ಸಂಜೆ 5

ಡಬ್ಬಿಂಗ್‌ಗೆ ಅಮ್ಮನ ಜೊತೆ ಬಂದಿದ್ದಳು. ಅಮ್ಮ ನನ್ನನ್ನು ಕಂಡೂ ಕಾಣದ ಹಾಗೆ ಒಳಗೆ ಹೋದರು. ಹುಡುಗಿ ಕಾರಿಡಾರ್‌ನಲ್ಲಿ ನಿಂತಳು.

"ನಾನು ಹಾರ್ತಿದ್ದೆ, ಗೊತ್ತಾ?"

"ಗೊತ್ತು. ಈಗ ನೋಡ್ದೆ."

"ನೀವು ಪ್ರಾಮಿಸ್ ಮುರಿದ್ರಿ."

"ಹೂಂ. ನೀನೂ ಮುರಿದೆ."

ನೆಲ ನೋಡಿದಳು. "ಅಪ್ಪನಿಗೆ ವಿಷಯ ಗೊತ್ತಾಗಿ ಫೋನ್ ಮಾಡಿದ್ರು. ಈ ರಜೆಗೆ ಕಲಿಸ್ತಾರಂತೆ."

ಒಳ್ಳೇದು ಅಂದೆ.

"ಕಲಿಸಲ್ಲ ಆಂಟಿ," ಅಂದಳು. ಬೇಜಾರಿನಿಂದಲ್ಲ, ಟೈಮ್ ಹೇಳುವ ಹಾಗೆ. ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಒಳಗಿಂದ ಕರೆದರು. ಹೋದಳು.

ಈಗ ಪಕ್ಕದ ಕೋಣೆಯಲ್ಲಿ ಈಜುವವಳ ಹಾಗೆ ಏದುಸಿರು ಬಿಡುತ್ತಿದ್ದಾಳೆ, ಮೈಕ್ ಮುಂದೆ. ಎಷ್ಟು ಚೆನ್ನಾಗಿ! ಕೇಳಿದವರು ಈಜು ಬರುತ್ತೆ ಅಂತಲೇ ನಂಬಬೇಕು.